ರಿಯಾಯಿತಿಯಲ್ಲಿ ಕೊಂಡ ಯಂತ್ರ, ಬಿಲ್ಲಿನಲ್ಲಿ ಕಟ್ಟಿದ ತೆರಿಗೆ: ವಾಪಸ್ ಬರುವುದು ಯಾರಿಗೆ?

(ಶಿವಯೋಗ ಮಂದಿರ ಭಾಗದ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ತರಬೇತಿಯಲ್ಲಿ ಆಡಿದ ಮಾತುಗಳ ಬರಹ ರೂಪ)



  ಇವತ್ತಿನ ವಿಷಯ ಉಳಿತಾಯವೂ ಅಲ್ಲ, ಸಾಲ ವಸೂಲಾತಿಯೂ ಅಲ್ಲ. ನಾವು ದುಡಿಮೆಗಾಗಿ ಕೊಳ್ಳುವ ಯಂತ್ರದ ಬಿಲ್ಲಿನ ಕೆಳಗಡೆ, ಸಣ್ಣ ಅಕ್ಷರದಲ್ಲಿ ಬರೆದಿರುವ ಎರಡು ಸಾಲುಗಳ ವಿಷಯ: ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ.

ನಾವು ಕುಳಿತಿರುವ ಊರನ್ನೇ ನೋಡಿರಿ. ಮಲಪ್ರಭಾ ದಂಡೆಯ ಮೇಲೆ ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಶಿವಯೋಗ ಮಂದಿರವನ್ನು ಕಟ್ಟಿದರು. ಇಲ್ಲಿಯ ವಿಭೂತಿ ನಾಡಿಗೆಲ್ಲ ಗೊತ್ತು. ಅತ್ತ ಮಹಾಕೂಟ, ಪಟ್ಟದಕಲ್ಲು. ಇತ್ತ ಬಾದಾಮಿ, ಬನಶಂಕರಿ. ಬನದ ಹುಣ್ಣಿಮೆಯ ಜಾತ್ರೆಗೆ ಬಂದ ಜನಕ್ಕೆ ಬುಟ್ಟಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಹೊತ್ತು ತಂದು ಉಣಬಡಿಸುವವರು ನೀವೇ. ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ ಇವುಗಳ ಹಿಂದೆಯೂ ಹೆಂಗಸರ ಕೈ ಇದೆ. ಕೈಯಿಂದ ಆಗುತ್ತಿದ್ದ ಕೆಲಸಕ್ಕೆ ಈಗ ಯಂತ್ರ ಬಂದಿದೆ. ರೊಟ್ಟಿ ಮಾಡುವ ಯಂತ್ರ, ಚಟ್ನಿ ಪುಡಿ ಮಾಡುವ ಯಂತ್ರ, ಹೊಲಿಗೆ ಮಷಿನ್, ಪೊಟ್ಟಣ ಸೀಲ್ ಮಾಡುವ ಯಂತ್ರ. ಯಂತ್ರ ಬಂದ ಕೂಡಲೇ ಸಾಲ ಬಂತು, ಬಿಲ್ ಬಂತು, ಬಿಲ್ಲಿನೊಳಗೆ ತೆರಿಗೆಯೂ ಬಂತು.

ಸಂಘಗಳ ಸಭೆಗೆ ಹೋದಾಗಲೆಲ್ಲ ಒಂದು ಪ್ರಶ್ನೆ ನಮಗೆ ಎದುರಾಗುತ್ತದೆ. "ಸಿಸ್ಟರ್, ಮಷಿನ್ ತಗೊಂಡಾಗ ಕಟ್ಟಿದ ಟ್ಯಾಕ್ಸು ಸರಕಾರದವರು ವಾಪಸ್ ಕೊಡತಾರಂತಲ್ರಿ, ನಮಗೂ ಸಿಗತೈತೇನ್ರಿ?" ಇದಕ್ಕೆ ಹೌದು ಎಂದರೂ ಪೂರ್ತಿ ಸರಿಯಲ್ಲ, ಇಲ್ಲ ಎಂದರೂ ಪೂರ್ತಿ ಸರಿಯಲ್ಲ. ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದನ್ನು ನಿಧಾನವಾಗಿ ಬಿಡಿಸಿ ನೋಡೋಣ.

ಒಂದು ಸಂಘದಲ್ಲಿ ಆದದ್ದು

ನಮ್ಮ ಕಾರ್ಯಕ್ಷೇತ್ರದ ಒಂದು ಸಂಘದವರು ರೊಟ್ಟಿ ಮಾಡುವ ಯಂತ್ರ ಕೊಂಡರು. ರಿಯಾಯಿತಿ ಕಳೆದು ಯಂತ್ರದ ಬೆಲೆ 1,00,000 ರೂ., ಅದರ ಮೇಲೆ ಶೇ. 18 ತೆರಿಗೆ 18,000 ರೂ., ಒಟ್ಟು 1,18,000 ರೂ. ಮಾರುವವರು "ಹದಿನೆಂಟು ಸಾವಿರ ನಿಮಗ ಹೊಳ್ಳಿ ಬರತೈತ್ರಿ, ಚಿಂತಿ ಮಾಡಬ್ಯಾಡ್ರಿ" ಎಂದರು. ತಾಯಂದಿರು ಅದನ್ನು ನಂಬಿ ಲೆಕ್ಕ ಹಾಕಿದರು. ತಿಂಗಳಿಗೆ 3,000 ರೂ. ಕಂತು. ವಾಪಸ್ ಬರುವ 18,000ದಲ್ಲಿ ಮೊದಲ ಆರು ಕಂತು ಕಟ್ಟಿದರಾಯಿತು, ಅಷ್ಟರೊಳಗೆ ವ್ಯಾಪಾರ ಕುದುರುತ್ತದೆ ಎಂದು ಠರಾವು ಮಾಡಿ ಸಾಲ ತೆಗೆದರು.

ಆ ಹಣ ಬರಲಿಲ್ಲ. ಬರುವಂಥದ್ದೂ ಆಗಿರಲಿಲ್ಲ. ಸಂಘಕ್ಕೆ ಜಿಎಸ್‌ಟಿ ನೋಂದಣಿ ಇರಲಿಲ್ಲ. ಮೂರನೆಯ ಕಂತಿನ ಹೊತ್ತಿಗೆ ಸಭೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಅಧ್ಯಕ್ಷರೇ ರೊಕ್ಕ ತಿಂದಿರಬೇಕು ಎಂದು ಒಬ್ಬರು ಆಡಿಯೇಬಿಟ್ಟರು. ಆ ತಾಯಿ ಎರಡು ವಾರ ಸಭೆಗೆ ಬರಲಿಲ್ಲ. ಬಿಲ್ಲು, ಬ್ಯಾಂಕ್ ಪುಸ್ತಕ ಎರಡನ್ನೂ ಎಲ್ಲರ ಮುಂದೆ ಇಟ್ಟು ಓದಿದ ಮೇಲೆಯೇ ಗೊತ್ತಾಯಿತು, ಯಾರೂ ಏನೂ ತಿಂದಿಲ್ಲ, ಬರದ ಹಣವನ್ನು ಬರುತ್ತದೆ ಎಂದು ಎಣಿಸಿದ್ದರು ಅಷ್ಟೇ. ಸದಸ್ಯರು ಪಾಲು ಹಾಕಿ ಕಂತು ತುಂಬಿದರು, ಸಂಘ ಉಳಿಯಿತು. ಹತ್ತು ವರ್ಷ ಒಟ್ಟಿಗೆ ನಡೆದವರ ನಡುವೆ ಅನುಮಾನ ಹುಟ್ಟಿಸಲು ಒಂದು ಮಾತು ಸಾಕಾಯಿತು ನೋಡಿರಿ. ಆದ್ದರಿಂದಲೇ ಈ ವಿಷಯವನ್ನು ಇವತ್ತು ಇಡೀ ತರಬೇತಿಗೆ ತೆಗೆದುಕೊಂಡಿದ್ದೇವೆ.

ತೆರಿಗೆ ವಾಪಸ್ ಎಂಬ ಮಾತು ಎಲ್ಲಿಂದ ಬಂತು?

ಹಿಂದೆ ನಮ್ಮ ರಾಜ್ಯದಲ್ಲಿ 1957ರ ಕರ್ನಾಟಕ ಮಾರಾಟ ತೆರಿಗೆ ಕಾಯ್ದೆ ಇತ್ತು. ಆಗ ಯಂತ್ರದ ಮೇಲೆ ಕಟ್ಟಿದ ತೆರಿಗೆ ಹೆಚ್ಚಾಗಿ ಬೆಲೆಯಲ್ಲೇ ಸೇರಿ ಹೋಗುತ್ತಿತ್ತು. ಆ ಯಂತ್ರದಿಂದ ಮಾಡಿದ ವಸ್ತುವಿನ ಮೇಲೂ ಮತ್ತೆ ತೆರಿಗೆ. ಅಂದರೆ ತೆರಿಗೆಯ ಮೇಲೆ ತೆರಿಗೆ. 2005ರ ಏಪ್ರಿಲ್ 1ರಿಂದ ವ್ಯಾಟ್ ಬಂತು. ನೋಂದಣಿ ಮಾಡಿಸಿದ ವ್ಯಾಪಾರಿ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು, ಮಾರುವಾಗ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ವ್ಯವಸ್ಥೆ ಆಯಿತು. 2017ರ ಜುಲೈ 1ರಿಂದ ಜಿಎಸ್‌ಟಿ ಬಂದಾಗ ಇದೇ ಪದ್ಧತಿ ಮುಂದುವರಿಯಿತು. ಇದಕ್ಕೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಎನ್ನುತ್ತಾರೆ. ನಾವು ಸರಳವಾಗಿ ತೆರಿಗೆ ಜಮೆ ಎನ್ನೋಣ.

ಇಲ್ಲಿ ಮೊದಲ ಮಾತು ಗಟ್ಟಿಯಾಗಿ ನೆನಪಿಡಿರಿ. ತೆರಿಗೆ ಜಮೆ ಎಂದರೆ ಸರಕಾರ ನಮ್ಮ ಬ್ಯಾಂಕ್ ಖಾತೆಗೆ ರೊಕ್ಕ ಹಾಕುವುದಲ್ಲ. ಅದು ಜಿಎಸ್‌ಟಿ ಜಾಲತಾಣದಲ್ಲಿ ನಮ್ಮ ಹೆಸರಿನ ಲೆಕ್ಕದಲ್ಲಿ ಬರೆದುಕೊಳ್ಳುವ ಒಂದು ಮೊತ್ತ. ಮುಂದೆ ನಮ್ಮ ಮಾಲಿನ ಮೇಲೆ ನಾವು ಕಟ್ಟಬೇಕಾದ ತೆರಿಗೆಗೆ ಅದನ್ನು ವಜಾ ಮಾಡಬಹುದು. ಸಂಘದಲ್ಲಿ ಮುಂಗಡ ಕಟ್ಟಿದ ವಂತಿಗೆಯನ್ನು ಮುಂದಿನ ವಾರಗಳಿಗೆ ಹಿಡಿದುಕೊಳ್ಳುತ್ತೇವಲ್ಲ, ಹಾಗೆ. ಮುಂದೆ ಕಟ್ಟಬೇಕಾದ ತೆರಿಗೆಯೇ ಇಲ್ಲದವರಿಗೆ ವಜಾ ಮಾಡಲು ಏನೂ ಇರುವುದಿಲ್ಲ.

ರಿಯಾಯಿತಿ ಬಿದ್ದಾಗ ಲೆಕ್ಕ ಹೇಗೆ?

ಚಟ್ನಿ ಪುಡಿ ಮಾಡುವ ಯಂತ್ರ ಒಂದನ್ನು ತೆಗೆದುಕೊಳ್ಳೋಣ. ತೆರಿಗೆ ಬಿಟ್ಟು ಬೆಲೆ 50,000 ರೂ. ಅಂಗಡಿಯವರು 10,000 ರೂ. ಬಿಟ್ಟರು. ತೆರಿಗೆ ಶೇ. 18 ಎಂದು ಹಿಡಿಯೋಣ.

ಯಂತ್ರದ ಬೆಲೆ: 50,000 ರೂ.
ಬಿಲ್ಲಿನಲ್ಲೇ ತೋರಿಸಿದ ರಿಯಾಯಿತಿ: 10,000 ರೂ.
ತೆರಿಗೆ ಹಾಕಬೇಕಾದ ಮೊತ್ತ: 40,000 ರೂ.
ಸಿಜಿಎಸ್‌ಟಿ ಶೇ. 9: 3,600 ರೂ.
ಎಸ್‌ಜಿಎಸ್‌ಟಿ ಶೇ. 9: 3,600 ರೂ.
ಒಟ್ಟು ಕೊಡಬೇಕಾದದ್ದು: 47,200 ರೂ.

ಇಲ್ಲಿ ತೆರಿಗೆ 50,000ದ ಮೇಲಲ್ಲ, 40,000ದ ಮೇಲೆ. ಮಾರುವ ಹೊತ್ತಿಗೇ ಕೊಟ್ಟು ಬಿಲ್ಲಿನಲ್ಲಿ ಬರೆದ ರಿಯಾಯಿತಿಯನ್ನು ಮೊದಲು ಕಳೆಯಬೇಕು, ಆಮೇಲೆ ತೆರಿಗೆ ಹಾಕಬೇಕು. ಕೆಲವರು 50,000ಕ್ಕೆ ತೆರಿಗೆ ಹಾಕಿ 59,000 ಮಾಡಿ, ಅದರಲ್ಲಿ 10,000 ಬಿಟ್ಟು 49,000 ಕೇಳುತ್ತಾರೆ. ಎರಡರ ನಡುವೆ 1,800 ರೂ. ವ್ಯತ್ಯಾಸ. ರಿಯಾಯಿತಿಯನ್ನು ತೆರಿಗೆಯ ಮೇಲಿನ ಸಾಲಿನಲ್ಲಿ ಬರೆಯಿರಿ ಎಂದು ಕೇಳುವುದು ನಮ್ಮ ಹಕ್ಕು.

ಜಮೆ ಸಿಗುವುದಾದರೆ ಅದು ಬಿಲ್ಲಿನಲ್ಲಿ ನಿಜವಾಗಿ ಹಾಕಿದ 7,200 ರೂ. ಮಾತ್ರ. ರಿಯಾಯಿತಿ ಇಲ್ಲದಿದ್ದರೆ 9,000 ಇರುತ್ತಿತ್ತು ಎಂದು ಆ ಲೆಕ್ಕ ಹಿಡಿಯುವಂತಿಲ್ಲ.

ರಿಯಾಯಿತಿ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ವ್ಯವಹಾರ ನಡೆಯುತ್ತವೆ. ಅವುಗಳನ್ನೂ ಬಿಡಿಸಿ ನೋಡೋಣ.

ಮಾರಿದ ನಂತರ ಕೊಡುವ ರಿಯಾಯಿತಿ: ಯಂತ್ರ ಕೊಂಡು ಎರಡು ತಿಂಗಳಾದ ಮೇಲೆ ಕಂಪನಿಯವರು 3,000 ರೂ. ಮರಳಿ ಕೊಟ್ಟರು ಎನ್ನಿರಿ. ಅದಕ್ಕೆ ಕ್ರೆಡಿಟ್ ನೋಟ್ ಕೊಟ್ಟು ತೆರಿಗೆಯನ್ನೂ ಕಡಿಮೆ ಮಾಡಿದ್ದರೆ, ನಾವು ತೆಗೆದುಕೊಂಡ ಜಮೆಯಲ್ಲೂ 540 ರೂ. ಕಡಿಮೆ ಮಾಡಬೇಕು. ತೆರಿಗೆಯನ್ನು ಮುಟ್ಟದೆ ಬರೀ ಹಣ ಮಾತ್ರ ಕೊಟ್ಟಿದ್ದರೆ ನಮ್ಮ ಜಮೆ ಹಾಗೇ ಉಳಿಯುತ್ತದೆ.

ಹಳೆಯದು ಕೊಟ್ಟು ಹೊಸದು ತರುವುದು: ಹಳೆ ಹೊಲಿಗೆ ಮಷಿನ್ ಕೊಟ್ಟರೆ 2,000 ರೂ. ಕಮ್ಮಿ ಎನ್ನುತ್ತಾರೆ. ಇದು ರಿಯಾಯಿತಿ ಅಲ್ಲ. ಹಳೆ ಮಷಿನ್ನೂ ಬೆಲೆಯ ಒಂದು ಭಾಗವೇ. ಆದ್ದರಿಂದ ತೆರಿಗೆ ಪೂರ್ಣ ಬೆಲೆಯ ಮೇಲೆ ಬರುತ್ತದೆ.

ಸರಕಾರದ ಸಹಾಯಧನ: 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣೆ ಯೋಜನೆಯಲ್ಲಿ ಸಾಲಕ್ಕೆ ಜೋಡಿಸಿದ ಶೇ. 35 ಸಹಾಯಧನವಿತ್ತು, ನಮ್ಮ ರಾಜ್ಯ ಅದಕ್ಕೆ ಶೇ. 15 ಸೇರಿಸಿತು. ಇದು ನಮಗೂ ಬ್ಯಾಂಕಿಗೂ ಸಂಬಂಧಪಟ್ಟದ್ದು. ಅಂಗಡಿಯವರ ಬಿಲ್ಲಿನಲ್ಲಿ ಇದನ್ನು ರಿಯಾಯಿತಿ ಎಂದು ಬರೆಯುವಂತಿಲ್ಲ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿ ಕೆಲಸದವರಿಗೂ 15,000 ರೂ.ವರೆಗಿನ ಸಲಕರಣೆಯ ನೆರವು ಇದೆ. ಉಚಿತವಾಗಿ ಬಂದ ಮಷಿನ್ನಿಗೆ ನಾವು ತೆರಿಗೆಯನ್ನೇ ಕಟ್ಟಿರುವುದಿಲ್ಲ. ಕಟ್ಟದ ತೆರಿಗೆಯನ್ನು ವಾಪಸ್ ಕೇಳುವುದು ಹೇಗೆ?

ಬಿಲ್ ಇಲ್ಲದ ರಿಯಾಯಿತಿ: "ಬಿಲ್ ಬ್ಯಾಡ ಅಂದ್ರ ಹದಿನೆಂಟು ಪರ್ಸೆಂಟ್ ಬಿಡತೇವ್ರಿ ಅಕ್ಕಾರ." ಈ ಮಾತು ಕೇಳದ ಸಂಘವೇ ಇಲ್ಲ. ಕೈಯಲ್ಲಿ ಉಳಿಯುವ ರೊಕ್ಕ ಕಣ್ಣಿಗೆ ಕಾಣುತ್ತದೆ. ಆದರೆ ಬಿಲ್ ಇಲ್ಲದಿದ್ದರೆ ಮೋಟಾರು ಸುಟ್ಟಾಗ ವಾರಂಟಿ ಕೇಳಲು ಆಧಾರವಿಲ್ಲ, ಬ್ಯಾಂಕಿಗೆ ತೋರಿಸಲು ಕಾಗದವಿಲ್ಲ, ಸಹಾಯಧನ ಇಲ್ಲ, ಸಂಘದ ಲೆಕ್ಕ ತಪಾಸಣೆಯಲ್ಲಿ ಉತ್ತರವೂ ಇಲ್ಲ. ತೆರಿಗೆ ತಪ್ಪಿಸುವುದು ಕಾನೂನಿಗೂ ವಿರುದ್ಧ, ನ್ಯಾಯಕ್ಕೂ ವಿರುದ್ಧ. ನಮ್ಮ ಶಾಲೆ, ಆಸ್ಪತ್ರೆ, ರೇಷನ್ ನಡೆಯುವುದು ಅದೇ ಹಣದಿಂದ.

ಹಾಗಾದರೆ ಜಮೆ ಯಾರಿಗೆ ಸಿಗುತ್ತದೆ?

ಮೂರು ಪ್ರಶ್ನೆ ಕೇಳಿಕೊಳ್ಳಿರಿ. ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ಮಾತ್ರ ಜಮೆಯ ಮಾತು.

ಮೊದಲನೆಯದು: ನಮ್ಮ ಸಂಘಕ್ಕೆ ಜಿಎಸ್‌ಟಿ ನೋಂದಣಿ ಇದೆಯೇ? ಕರ್ನಾಟಕದಲ್ಲಿ ಬರೀ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂ. ದಾಟುವವರೆಗೆ, ಸೇವೆ ಕೊಡುವವರಿಗೆ 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಬೇರೆಯವರ ಬಟ್ಟೆ ಹೊಲಿದು ಕೊಡುವುದು ಸೇವೆ ಎಂಬುದನ್ನು ಮರೆಯಬೇಡಿರಿ. ತೆರಿಗೆ ಇರುವ ಸರಕನ್ನು ಸೊಲ್ಲಾಪುರದಂಥ ಬೇರೆ ರಾಜ್ಯದ ಪೇಟೆಗೆ ಮಾರಿದರೆ ಈ 40 ಲಕ್ಷದ ಮಿತಿ ಉಪಯೋಗಕ್ಕೆ ಬರುವುದಿಲ್ಲ, ನೋಂದಣಿ ಬೇಕಾಗುತ್ತದೆ. ಕೆಲವು ಕರಕುಶಲ ವಸ್ತುಗಳಿಗೆ ಮಾತ್ರ ವಿನಾಯಿತಿ ಇದೆ.

ಎರಡನೆಯದು: ನೋಂದಣಿ ಸಾಮಾನ್ಯ ಪದ್ಧತಿಯದೇ? ಕಂಪೋಸಿಷನ್ ಎಂಬ ಸರಳ ಪದ್ಧತಿಯೊಂದಿದೆ. ಸರಕು ತಯಾರಿಸುವವರು, ಮಾರುವವರು ವಹಿವಾಟಿನ ಶೇ. 1 ಕಟ್ಟಿದರೆ ಮುಗಿಯಿತು. ಆದರೆ ಆ ಪದ್ಧತಿಯಲ್ಲಿ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಜಮೆಯೂ ಸಿಗುವುದಿಲ್ಲ.

ಮೂರನೆಯದು: ಆ ಯಂತ್ರದಿಂದ ಮಾಡುವ ಮಾಲಿನ ಮೇಲೆ ತೆರಿಗೆ ಇದೆಯೇ? ಇಲ್ಲೇ ನಮ್ಮ ಭಾಗದ ಸಂಘಗಳಿಗೆ ದೊಡ್ಡ ಗೊಂದಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ಅದುವರೆಗೆ ಶೇ. 5 ತೆರಿಗೆಯಿದ್ದ ಚಪಾತಿ, ರೊಟ್ಟಿಗೆ ತೆರಿಗೆ ಪೂರ್ತಿ ಹೋಯಿತು. ಹೊಲಿಗೆ ಮಷಿನ್ ಮೇಲಿನ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ರೊಟ್ಟಿಗೆ ತೆರಿಗೆ ಇಲ್ಲ ಎಂಬುದು ಸಂತೋಷದ ಸುದ್ದಿಯೇ. ಆದರೆ ತೆರಿಗೆ ಇಲ್ಲದ ಮಾಲು ಮಾಡುವ ಯಂತ್ರದ ತೆರಿಗೆಗೆ ಜಮೆ ಇಲ್ಲ. ರೊಟ್ಟಿ ಮಾಡುವ ಯಂತ್ರಕ್ಕೆ ಕಟ್ಟಿದ ಶೇ. 18 ನಮ್ಮ ಖರ್ಚೇ. ವಿಭೂತಿಯೂ ತೆರಿಗೆ ಇಲ್ಲದ ಪೂಜಾ ಸಾಮಗ್ರಿಗಳ ಪಟ್ಟಿಯಲ್ಲಿದೆ, ಅದಕ್ಕೂ ಇದೇ ಮಾತು. ಚಟ್ನಿ ಪುಡಿ, ಸೀರೆ, ಖಣದ ಬಟ್ಟೆ ಇವು ಶೇ. 5ರ ತೆರಿಗೆಯವು. ಇವುಗಳಿಗೆ ಬಳಸುವ ಯಂತ್ರಕ್ಕೆ, ನೋಂದಣಿ ಇದ್ದರೆ, ಜಮೆ ಇದೆ.

ಒಂದೇ ಯಂತ್ರವನ್ನು ತೆರಿಗೆ ಇರುವ ಮಾಲಿಗೂ ಇಲ್ಲದ ಮಾಲಿಗೂ ಬಳಸಿದರೆ ಜಮೆ ವಹಿವಾಟಿನ ಪಾಲಿನಷ್ಟು ಮಾತ್ರ. ಮನೆ ಬಳಕೆಗೆ ಎಷ್ಟೋ ಅಷ್ಟಕ್ಕೆ ಜಮೆ ಇಲ್ಲ.

ಇನ್ನೊಂದು ಸೂಕ್ಷ್ಮ. ಬರೀ ರೊಟ್ಟಿ ಮಾರುವ ಸಂಘಕ್ಕೆ ವಹಿವಾಟು ಎಷ್ಟೇ ಆದರೂ ನೋಂದಣಿ ಬೇಕಿಲ್ಲ. ಆದರೆ ರೊಟ್ಟಿ 35 ಲಕ್ಷ, ಚಟ್ನಿ ಪುಡಿ 6 ಲಕ್ಷ ಆದರೆ ಎರಡೂ ಕೂಡಿ 41 ಲಕ್ಷ. ಮಿತಿ ದಾಟಿದಂತಾಯಿತು. 2025ರ ಜುಲೈನಲ್ಲಿ ಏನಾಯಿತು ಎಂಬುದು ನಿಮಗೆ ನೆನಪಿರಬಹುದು. ಫೋನಿನ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ತರಕಾರಿ, ಹಾಲು ಮಾರುವವರಿಗೂ ನೋಟಿಸ್ ಬಂದು ಅಂಗಡಿಗಳಲ್ಲಿ ಗಾಬರಿಯಾಯಿತು. ಕೊನೆಗೆ ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಮಿತಿ ದಾಟಿದವರು ನೋಂದಣಿ ಮಾಡಿಸಬೇಕು ಎಂದರು. ಯಾವ ಮಾಲು ಎಷ್ಟು ಮಾರಿದೆವು ಎಂದು ಬೇರೆ ಬೇರೆ ಬರೆದಿಟ್ಟವರು ಧೈರ್ಯವಾಗಿ ಉತ್ತರ ಕೊಡಬಲ್ಲರು. ನಮ್ಮ ಮಾರಾಟದ ಪುಸ್ತಕದಲ್ಲಿ ರೊಟ್ಟಿಗೊಂದು ಕಾಲಂ, ಚಟ್ನಿಗೊಂದು ಕಾಲಂ ಇಂದಿನಿಂದಲೇ ಇರಲಿ.

ಜಮೆಗಾಗಿಯೇ ನೋಂದಣಿ ಮಾಡಿಸಬೇಕೆ?

ಮಿತಿಯೊಳಗೆ ಇದ್ದರೂ ಸ್ವಇಚ್ಛೆಯಿಂದ ನೋಂದಣಿ ಮಾಡಿಸಬಹುದು. ಸರಕಾರಿ ಶುಲ್ಕವೇನೂ ಇಲ್ಲ. ಆದರೆ ಲೆಕ್ಕ ಹಾಕಿ ನೋಡೋಣ.

ವರ್ಷಕ್ಕೆ 6 ಲಕ್ಷದ ಚಟ್ನಿ ಪುಡಿ ಮಾರುವ ಸಂಘ. ನೋಂದಣಿ ಮಾಡಿಸಿದರೆ ಯಂತ್ರದ 7,200 ರೂ. ಜಮೆ ಒಂದೇ ಸಲ. ಆದರೆ ಪ್ರತಿ ವರ್ಷ ಗಿರಾಕಿಗಳಿಂದ ಶೇ. 5ರಂತೆ 30,000 ರೂ. ತೆರಿಗೆ ಕೂಡಿಸಬೇಕು. ಕೊಳ್ಳುವವರು ಊರಿನ ಮನೆಯವರು, ಜಾತ್ರೆಗೆ ಬಂದವರು ಆದರೆ ಅವರಿಗೆ ಅದು ಬೆಲೆ ಏರಿಕೆ. ಬೆಲೆ ಏರಿಸದಿದ್ದರೆ ನಮ್ಮ ಲಾಭದಲ್ಲೇ ಖೋತಾ. ಕಚ್ಚಾ ಮಾಲಿನ ತೆರಿಗೆಗೂ ಸ್ವಲ್ಪ ಜಮೆ ಸಿಗುತ್ತದೆ, ನಿಜ. ಆದರೆ ರಿಟರ್ನ್ ತುಂಬುವ ಕೆಲಸ, ತೆರಿಗೆ ಸಲಹೆಗಾರರ ಫೀಸು ವರ್ಷವರ್ಷವೂ ಇದೆ. ವ್ಯಾಪಾರವೇ ಆಗದ ತಿಂಗಳಲ್ಲೂ ರಿಟರ್ನ್ ತಡವಾದರೆ ದಿನಕ್ಕೆ 20 ರೂ. ದಂಡ. ಇಂಥ ಸಂಘ ಬರೀ ಯಂತ್ರದ ತೆರಿಗೆಗಾಗಿ ನೋಂದಣಿ ಮಾಡಿಸುವುದು ಎಮ್ಮೆಗಿಂತ ಹಗ್ಗಕ್ಕೇ ಹೆಚ್ಚು ಕೊಟ್ಟಂತೆ.

ಅದೇ ಸಂಘ ಹುಬ್ಬಳ್ಳಿ, ಬೆಂಗಳೂರಿನ ನೋಂದಾಯಿತ ಅಂಗಡಿಗಳಿಗೆ ಮಾಲು ಕಳಿಸುವುದಾದರೆ ಲೆಕ್ಕ ಬೇರೆ. ನಾವು ಹಾಕಿದ ತೆರಿಗೆಗೆ ಆ ಅಂಗಡಿಯವರು ಜಮೆ ಪಡೆಯುತ್ತಾರೆ, ಅವರಿಗೆ ಹೊರೆಯಿಲ್ಲ. ಎಷ್ಟೋ ದೊಡ್ಡ ಅಂಗಡಿಯವರು ಜಿಎಸ್‌ಟಿ ಸಂಖ್ಯೆ ಇಲ್ಲದವರಿಂದ ಕೊಳ್ಳುವುದೇ ಇಲ್ಲ. ಅಲ್ಲಿ ನೋಂದಣಿ ಮಾರುಕಟ್ಟೆಯ ಬಾಗಿಲು ತೆರೆಯುತ್ತದೆ. ಒಕ್ಕೂಟದ ಮಟ್ಟದಲ್ಲಿ ಹತ್ತು ಸಂಘ ಕೂಡಿ ಒಂದು ನೋಂದಣಿ ಮಾಡಿಸುವುದು ಹಲವು ಕಡೆ ಜಾಣತನ.

ಮಾಡಿಸುವುದಾದರೆ ಕ್ರಮ ತಪ್ಪಬಾರದು. ಮೊದಲು ನೋಂದಣಿ, ಆಮೇಲೆ ಯಂತ್ರ. ಹೊಸದಾಗಿ ನೋಂದಣಿ ಮಾಡಿಸುವವರಿಗೆ ದಾಸ್ತಾನಿನಲ್ಲಿರುವ ಕಚ್ಚಾ ಮಾಲಿನ ತೆರಿಗೆಗೆ ಜಮೆ ಕೇಳುವ ಅವಕಾಶ ಇದೆ, ಆದರೆ ಹಿಂದೆಯೇ ಕೊಂಡ ಯಂತ್ರದ ತೆರಿಗೆಗೆ ಇಲ್ಲ.

ನೋಂದಣಿ ಇರುವ ಒಕ್ಕೂಟ ಏನು ಮಾಡಬೇಕು?

1. ಬಿಲ್ ಮಾಡುವ ಮೊದಲೇ ನಮ್ಮ 15 ಅಂಕಿಯ ಜಿಎಸ್‌ಟಿ ಸಂಖ್ಯೆ ಕೊಡಬೇಕು. ಕರ್ನಾಟಕದ್ದು 29ರಿಂದ ಆರಂಭವಾಗುತ್ತದೆ. ಬಿಲ್ ಒಕ್ಕೂಟದ ಹೆಸರಿನಲ್ಲೇ ಇರಬೇಕು. ಅಧ್ಯಕ್ಷರ ಹೆಸರಿನ ಬಿಲ್ಲಿಗೆ ಒಕ್ಕೂಟ ಜಮೆ ಕೇಳುವಂತಿಲ್ಲ.

2. ಮಾರುವವರ ಜಿಎಸ್‌ಟಿ ಸಂಖ್ಯೆಯನ್ನು ಜಾಲತಾಣದಲ್ಲಿ ಪರೀಕ್ಷಿಸಬೇಕು. ಅವರು ಕಂಪೋಸಿಷನ್ ಪದ್ಧತಿಯವರಾದರೆ ತೆರಿಗೆ ಹಾಕುವ ಅಧಿಕಾರವೇ ಅವರಿಗಿಲ್ಲ.

3. ಕೊಯಮತ್ತೂರು, ರಾಜಕೋಟದಂಥ ಹೊರ ರಾಜ್ಯದಿಂದ ತರಿಸಿದರೆ ಎರಡು ತೆರಿಗೆಯ ಬದಲು ಐಜಿಎಸ್‌ಟಿ ಎಂಬ ಒಂದೇ ಸಾಲು ಇರುತ್ತದೆ. ಅದಕ್ಕೂ ಜಮೆ ಇದೆ.

4. ಯಂತ್ರ ಕೈಸೇರಿರಬೇಕು. ಮಾರಿದವರು ತಮ್ಮ ರಿಟರ್ನಿನಲ್ಲಿ ನಮ್ಮ ಬಿಲ್ಲನ್ನು ತೋರಿಸಿರಬೇಕು. ಆಗ ಅದು ನಮ್ಮ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿಯಲ್ಲಿ ಕಾಣುತ್ತದೆ. ಕಾಣದಿದ್ದರೆ ಮಾರಿದವರಿಗೆ ಕೂಡಲೇ ಫೋನ್ ಮಾಡಿರಿ.

5. ಮಾರಿದವರಿಗೆ ಪೂರ್ತಿ ಹಣ 180 ದಿನದೊಳಗೆ ಮುಟ್ಟಬೇಕು. ಮುಟ್ಟದಿದ್ದರೆ ಜಮೆ ಬಿಟ್ಟುಕೊಡಬೇಕಾಗುತ್ತದೆ, ಹಣ ಕೊಟ್ಟ ಮೇಲೆ ಮತ್ತೆ ತೆಗೆದುಕೊಳ್ಳಬಹುದು.

6. ಆ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ತುಂಬುವ ದಿನ, ಯಾವುದು ಮೊದಲೋ ಅದರೊಳಗೆ ಜಮೆ ಕೇಳಬೇಕು. ದಾಟಿದರೆ ಹೋಯಿತು.

7. ಆದಾಯ ತೆರಿಗೆಯ ಲೆಕ್ಕದಲ್ಲಿ ಯಂತ್ರದ ಸವಕಳಿಯನ್ನು ತೆರಿಗೆ ಬಿಟ್ಟ ಬೆಲೆಯ ಮೇಲೆ ಹಿಡಿಯಬೇಕು. ತೆರಿಗೆಯ ಭಾಗಕ್ಕೂ ಸವಕಳಿ ಹಿಡಿದರೆ ಜಮೆ ಸಿಗುವುದಿಲ್ಲ.

ಇಷ್ಟಾದ ಮೇಲೆ ನಮ್ಮ 7,200 ರೂ. ಹೇಗೆ ಕೆಲಸ ಮಾಡುತ್ತದೆ? ಒಂದು ತಿಂಗಳಲ್ಲಿ 80,000 ರೂ. ಚಟ್ನಿ ಪುಡಿ ಮಾರಿದೆವು. ಶೇ. 5ರಂತೆ ಗಿರಾಕಿಗಳಿಂದ ಕೂಡಿಸಿದ ತೆರಿಗೆ 4,000 ರೂ. ಅದನ್ನು ಜಮೆಯಲ್ಲಿ ವಜಾ ಮಾಡಿದೆವು. ಸರಕಾರಕ್ಕೆ ಆ ತಿಂಗಳು ನಗದು ಕಟ್ಟುವುದು ಏನೂ ಇಲ್ಲ. ಉಳಿದ 3,200 ರೂ. ಮುಂದಿನ ತಿಂಗಳಿಗೆ. ಹೀಗೆ ಆ ಹಣ ನಮ್ಮ ಕೈಯಲ್ಲೇ ಉಳಿಯುತ್ತದೆ.

ಎರಡು ವರ್ಷ ಪೂರ್ತಿ ಬಳಸಿ ಯಂತ್ರ ಮಾರಿದಿರಿ ಎನ್ನಿರಿ. ಪ್ರತಿ ಮೂರು ತಿಂಗಳಿಗೆ ಶೇ. 5ರಂತೆ ಎಂಟು ಸಲ ಕಳೆದರೆ ಶೇ. 40 ಹೋಯಿತು. ಉಳಿದ ಶೇ. 60 ಅಂದರೆ 4,320 ರೂ. ಯಂತ್ರ 20,000ಕ್ಕೆ ಮಾರಿದರೆ ಶೇ. 18ರಂತೆ ತೆರಿಗೆ 3,600 ರೂ. ಇವೆರಡರಲ್ಲಿ ಹೆಚ್ಚಿನದನ್ನು, ಅಂದರೆ 4,320 ರೂ. ಕಟ್ಟಬೇಕು. ಆದ್ದರಿಂದ ಹಳೆಯ ಬಿಲ್ಲನ್ನು ಯಂತ್ರ ಇರುವವರೆಗೂ ಜೋಪಾನ ಮಾಡಬೇಕು.

ಸಹಿ ಹಾಕುವ ಮುನ್ನ

ಇದು ಎಲ್ಲಕ್ಕಿಂತ ಮುಖ್ಯ. "ನಿಮ್ಮ ಆಧಾರ್, ಪ್ಯಾನ್ ಕೊಡ್ರಿ, ಫೋನಿಗೆ ಬಂದ ಒಟಿಪಿ ಹೇಳ್ರಿ, ನಿಮ್ಮ ಟ್ಯಾಕ್ಸ್ ವಾಪಸ್ ಕೊಡಸ್ತೇವಿ" ಎಂದು ಯಾರಾದರೂ ಬಂದರೆ ಎಚ್ಚರ. ಬಡವರ ದಾಖಲೆ ಪಡೆದು ಅವರ ಹೆಸರಿನಲ್ಲಿ ಜಿಎಸ್‌ಟಿ ನೋಂದಣಿ ಮಾಡಿಸಿ, ಇಲ್ಲದ ಮಾಲಿಗೆ ಸುಳ್ಳು ಬಿಲ್ ಹರಿದು, ಸುಳ್ಳು ಜಮೆ ಹೊಡೆಯುವ ಜಾಲಗಳು ದೇಶದಲ್ಲಿವೆ. ಇಂಥ ನಕಲಿ ನೋಂದಣಿಗಳನ್ನು ಹುಡುಕಲೆಂದೇ 2023ರ ಮೇ 16ರಿಂದ ಜುಲೈ 15ರವರೆಗೆ ದೇಶದಾದ್ಯಂತ ವಿಶೇಷ ತಪಾಸಣೆ ನಡೆಯಿತು. ಹಣ ಹೊಡೆದವರು ಎಲ್ಲೋ ಇರುತ್ತಾರೆ, ನೋಟಿಸ್ ಬರುವುದು ಆಧಾರ್ ಕೊಟ್ಟವರ ಮನೆಗೆ. ದಿನಕ್ಕೆ ಮುನ್ನೂರು ರೊಟ್ಟಿ ಬಡಿಯುವ ತಾಯಿಯ ಹೆಸರಿನಲ್ಲಿ ಕೋಟಿ ರೂಪಾಯಿ ವ್ಯವಹಾರ ಆಗಿದೆ ಎಂಬ ಕಾಗದ ಬಂದರೆ ಆ ಮನೆಯ ಗತಿ ಏನು?

ನೋಂದಣಿ ಇಲ್ಲದವರಿಗೆ ತೆರಿಗೆ ವಾಪಸ್ ಕೊಡಿಸುವ ದಾರಿಯೇ ಕಾನೂನಿನಲ್ಲಿಲ್ಲ. ಹಾಗೆ ಹೇಳುವವರು ತಿಳಿಯದೆ ಹೇಳುತ್ತಾರೆ ಅಥವಾ ಮೋಸಕ್ಕೆ ಹೇಳುತ್ತಾರೆ. ಒಟಿಪಿ ಎಂದರೆ ಈ ಕಾಲದ ಹೆಬ್ಬೆಟ್ಟು. ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲ ಬರೆಸಿಕೊಂಡವರ ಕಥೆ ನಿಮ್ಮ ಹಿರಿಯರು ಹೇಳಿಲ್ಲವೇ? ಓದದೆ ಸಹಿ ಬೇಡ, ಕೇಳದೆ ಒಟಿಪಿ ಬೇಡ. ಸಂಶಯ ಬಂದರೆ ಬಾಗಲಕೋಟೆಯ ವಾಣಿಜ್ಯ ತೆರಿಗೆ ಕಚೇರಿಗೆ ಇಬ್ಬರು ಮೂವರು ಕೂಡಿ ಹೋಗಿ ಕೇಳಿರಿ. ಕೇಳಲು ದುಡ್ಡಿಲ್ಲ.

ಕೊನೆಯ ಮಾತು

ತಾಯಂದಿರೇ, ನಮ್ಮ ಬಹುಪಾಲು ಸಂಘಗಳಿಗೆ ಯಂತ್ರದ ತೆರಿಗೆ ವಾಪಸ್ ಬರುವುದಿಲ್ಲ. ಇದನ್ನು ಕೇಳಿ ಬೇಸರ ಬೇಡ. ಬರುವುದಿಲ್ಲ ಎಂದು ಮೊದಲೇ ಗೊತ್ತಿದ್ದರೆ 1,18,000ದ ಯಂತ್ರಕ್ಕೆ 1,18,000 ಎಂದೇ ಲೆಕ್ಕ ಹಾಕುತ್ತೇವೆ, ಅದಕ್ಕೆ ತಕ್ಕ ಸಾಲ ತೆಗೆಯುತ್ತೇವೆ, ರೊಟ್ಟಿಯ ಬೆಲೆಯಲ್ಲಿ ಅದನ್ನೂ ಹಿಡಿಯುತ್ತೇವೆ. ಚೌಕಾಶಿ ಮಾಡುವಾಗ ತೆರಿಗೆ ಸೇರಿದ ಒಟ್ಟು ಬೆಲೆಯ ಮೇಲೆ ಮಾಡುತ್ತೇವೆ. ಜಮೆ ಸಿಗುವ ಒಕ್ಕೂಟಗಳು ಒಂದು ರೂಪಾಯಿಯನ್ನೂ ಬಿಡಬೇಕಾಗಿಲ್ಲ, ಅದು ನಮ್ಮ ಬೆವರಿನ ಹಣ. ಸಿಗದವರು ಸಿಗುತ್ತದೆ ಎಂಬ ಮಾತಿಗೆ ಸಾಲ ಮಾಡಬಾರದು. ಬಿಲ್ಲನ್ನು ಒಬ್ಬರೇ ಪೆಟ್ಟಿಗೆಯಲ್ಲಿ ಇಡದೆ ಸಭೆಯಲ್ಲಿ ಎಲ್ಲರ ಮುಂದೆ ಓದಿರಿ. ಓದು ಬಾರದವರಿಗೂ ಓದಿ ಹೇಳಿರಿ. ಎಲ್ಲರೂ ಕಂಡ ಲೆಕ್ಕದಲ್ಲಿ ಅನುಮಾನ ಹುಟ್ಟುವುದಿಲ್ಲ.

ಮುಂದಿನ ವಾರದ ಸಭೆಯಲ್ಲಿ ಈ ನಾಲ್ಕು ಪ್ರಶ್ನೆ ಚರ್ಚಿಸಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ:

• ನಮ್ಮ ಸಂಘದ ಯಂತ್ರಗಳ ಬಿಲ್ಲು ಎಲ್ಲಿವೆ? ಯಾರ ಹೆಸರಿನಲ್ಲಿವೆ?
• ನಾವು ಮಾರುವ ಪ್ರತಿ ಮಾಲಿಗೆ ತೆರಿಗೆ ಇದೆಯೇ, ಇಲ್ಲವೇ?
• ಕಳೆದ ವರ್ಷ ನಮ್ಮ ಒಟ್ಟು ಮಾರಾಟ ಎಷ್ಟು? ನೋಂದಣಿಯ ಮಿತಿಯಿಂದ ಎಷ್ಟು ದೂರ ಇದ್ದೇವೆ?
• ನಮ್ಮಲ್ಲಿ ಯಾರಾದರೂ ಆಧಾರ್, ಪ್ಯಾನ್, ಒಟಿಪಿಯನ್ನು ಹೊರಗಿನವರಿಗೆ ಕೊಟ್ಟಿದ್ದೇವೆಯೇ?